ಎಡಗಾಲು, ಆರನೇ ನಂಬರು

ಹನ್ನೆರಡನೆಯ ದಿನ ಬೆಳಿಗ್ಗೆ ನಳಕ್ಕೆ ನೀರು ಬಂತು. ಹಳೇ ಹುಬ್ಬಳ್ಳಿಯ ಆ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಬಂದಾಗ ಯಾವ ಮನೆಯಲ್ಲೂ ಬೇರೆ ಕೆಲಸ ನಡೆಯುವುದಿಲ್ಲ. ಬೀಗರು, ಬಂಧುಗಳು ಹಿಂದಿನ ದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಉಜ್ವಲಾ ಒಬ್ಬಳೇ ಎದ್ದು ಹಂಡೆ ತುಂಬಿದಳು, ಕೊಡ ತುಂಬಿದಳು, ಡ್ರಮ್ಮು ತುಂಬಿದಳು. ಆಮೇಲೆ ಬೀದಿ ಕಡೆಯ ಕೋಣೆಗೆ ಬಂದು, ತೊಗಲು ನೆನೆಸುವ ಬೋಗುಣಿಯನ್ನೂ ತುಂಬಿದಳು. ತುಂಬಿದ ಮೇಲೆ ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಚೆಲ್ಲಲಿಲ್ಲ. ಎಂಟು ದಿನ ನೀರು ಇರುವುದಿಲ್ಲ.

ಇದನ್ನೆಲ್ಲ ನಾನು ಒಂದು ಬೂಟಿನ ಒಳಗಿನಿಂದ ನೋಡುತ್ತಿದ್ದೆ. ನಾನು ಒಂದು ಫರ್ಮಾ. ಬೂಟು ಮಾಡುವವರು ತೊಗಲನ್ನು ಎಳೆದು ಕೂರಿಸುವ ಮರದ ಕಾಲು. ಎಡಗಾಲು. ಬೂಟು ಅರ್ಧ ಆಗಿತ್ತು. ನನ್ನ ಹಿಮ್ಮಡಿಯ ಮೇಲ್ಭಾಗ ಮಾತ್ರ ಹೊರಗಿತ್ತು. ನೋಡುವುದಕ್ಕೆ ಅಷ್ಟು ಸಾಕು.

ನನ್ನನ್ನು ಕೆತ್ತಿದವನು ಮಿರಜ ಕಡೆಯ ಒಬ್ಬ ಬಡಿಗ. ಜಾಲಿ ಮರ. ಕೆತ್ತಿದ, ಅರದಿಂದ ತಿಕ್ಕಿದ, ಒಡೆದ ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದ. ಮೇಲೆ ಕೊಕ್ಕೆ ಹಾಕಿ ಎಳೆಯಲು ಒಂದು ತೂತು ಕೊರೆದ. ಕಬ್ಬಿಣದ ಅಚ್ಚಿನಿಂದ ಆರನೇ ನಂಬರು ಹೊಡೆದ. ನನ್ನ ಜೊತೆಗೇ ಬಲಗಾಲನ್ನೂ ಕೆತ್ತಿದ. ನಮ್ಮಿಬ್ಬರನ್ನು ಒಂದು ಹುರಿಯಿಂದ ಕಟ್ಟಿ ಯಮನೂರಪ್ಪನಿಗೆ ಮಾರಿದ.

ಯಮನೂರಪ್ಪ ಹುಬ್ಬಳ್ಳಿಯಲ್ಲಿ ಬೂಟು ಮಾಡುವ ಮೇಸ್ತ್ರಿ. ಅವನ ಅಂಗಡಿಯೆಂದರೆ ಎರಡು ಗೋಡೆಗಳ ನಡುವಿನ ಸಂದು, ಮೇಲೊಂದು ತಗಡು. ಸಣ್ಣ ಕಾಲಿನ ಗಂಡಸರು, ದೊಡ್ಡ ಕಾಲಿನ ಹೆಂಗಸರು ನಮ್ಮ ಪಾಲಿಗೆ ಬರುತ್ತಿದ್ದರು. ಇಪ್ಪತ್ತು ವರ್ಷ ದುಡಿದೆವು. ಎಷ್ಟು ಜೋಡಿ ಬೂಟು ನಮ್ಮ ಮೇಲೆ ಹುಟ್ಟಿದವೋ ಲೆಕ್ಕವಿಲ್ಲ. ಅವು ನಡೆದು ಹೋಗುತ್ತಿದ್ದವು, ನಾವು ಹಲಗೆಯ ಮೇಲೆ ಉಳಿಯುತ್ತಿದ್ದೆವು. ಫರ್ಮಾ ಎಂದೂ ನಡೆಯುವುದಿಲ್ಲ.

ಒಂದು ಬೇಸಿಗೆಯಲ್ಲಿ ಬಲಗಾಲು ಉದ್ದಕ್ಕೆ ಸೀಳಿತು. ಯಮನೂರಪ್ಪನ ಹೆಂಡತಿ ಅದನ್ನು ಬಚ್ಚಲ ಒಲೆಗೆ ಹಾಕಿದಳು. ಆ ದಿನ ನೀರು ಬೇಗ ಕಾಯಿತಂತೆ.

ಜೋಡಿ ಇಲ್ಲದ ಫರ್ಮಾದಿಂದ ಯಾರಿಗೂ ಕೆಲಸವಿಲ್ಲ. ಬೂಟು ಮಾರುವುದು ಜೋಡಿಯಲ್ಲಿ. ಆದರೆ ಸೀಳದ ಫರ್ಮಾವನ್ನು ಸುಡಲು ಯಮನೂರಪ್ಪನಿಗೆ ಮನಸ್ಸು ಬರಲಿಲ್ಲ. ನನ್ನ ಅಂಗಾಲಿನ ಮೊಳೆ ತೂತುಗಳಿಗೆ ಮೇಣ ತುಂಬಿ ಒಂದು ಗೋಣಿಚೀಲದಲ್ಲಿ ಇಟ್ಟ. ಅಲ್ಲಿ ನನ್ನಂಥ ಒಂಟಿಗಳು ಹದಿನೇಳು ಇದ್ದವು. ಹನ್ನೊಂದು ವರ್ಷ ನಾನು ಆ ಚೀಲದಲ್ಲಿದ್ದೆ.

ನನ್ನನ್ನು ಅಲ್ಲಿಂದ ತೆಗೆದವನು ಅರವಿಂದ. ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಬಂದು ಯಮನೂರಪ್ಪನ ಪಕ್ಕ ಕೂತು ಕೆಲಸ ಕಲಿಯುತ್ತಿದ್ದ. ಎರಡು ವರ್ಷ ಕಲಿತ. ಅವನ ಅಜ್ಜ ಇದೇ ಕಸುಬಿನವನು, ಯಮನೂರಪ್ಪನಿಗೆ ಗೊತ್ತಿದ್ದವನು. ಆದರೂ ಯಮನೂರಪ್ಪ ಅವನನ್ನು ಸಾಹೇಬರೇ ಎಂದೇ ಕರೆಯುತ್ತಿದ್ದ. ಸಾಹೇಬರ ಪ್ಯಾಂಟಿಗೆ ಅಂಟು ಹತ್ತಿತು, ಸಾಹೇಬರ ಬೆರಳಿಗೆ ಸುತ್ತಿಗೆ ಬಿತ್ತು ಎಂದು ಹಂಗಿಸುತ್ತಿದ್ದ.

ಒಂದು ದಿನ ಅರವಿಂದ ಗೋಣಿಚೀಲ ಬಿಚ್ಚಿ ನನ್ನನ್ನು ಕೈಗೆತ್ತಿಕೊಂಡ.

"ಒಂಟಿ ಫರ್ಮಾ ಒಯ್ದು ಏನ್ ಮಾಡ್ತಿಯೋ?" ಎಂದ ಯಮನೂರಪ್ಪ. ಅಂದು ಸಾಹೇಬರೇ ಎನ್ನಲಿಲ್ಲ.

"ಎರಡೂ ಕಾಲು ಒಂದ ನಮೂನಿ ಇರದ ಮಂದಿ ಭಾಳ ಅದಾರ ಕಾಕಾ. ಅವರು ಎರಡು ಜೋಡಿ ತಗೊಂಡು ಎರಡು ಒಗಿತಾರ. ಇಲ್ಲಾ, ದೊಡ್ಡ ಬೂಟಿನಾಗ ಅರಿವಿ ತುರಕ್ಕೋತಾರ. ಅವರಿಗೆ ಜೋಡಿ ಯಾಕ ಬೇಕು?"

"ಯಾವಾಗ ತಿರುಗಿ ತರ್ತಿ?"

"ಕಾಲು ಮುಗದ ಮ್ಯಾಲೆ."

ಆ ತಿಂಗಳೇ ಅವನು ಕಚೇರಿಗೆ ರಾಜೀನಾಮೆ ಬರೆದ. ಮನೆಯ ಬೀದಿ ಕಡೆಯ ಕೋಣೆಯಲ್ಲಿ, ನನ್ನನ್ನು ಕಾಗದ ಹಾರದಂತೆ ಮೇಲೆ ಒತ್ತಾಗಿ ಇಟ್ಟುಕೊಂಡು, ಹೆಂಡತಿ ಉಜ್ವಲಾಳಿಗೆ ಓದಿ ಹೇಳಿದ. ಕಾರಣ: ಬೂಟು ಮಾಡುವುದಕ್ಕಾಗಿ. ವೈಯಕ್ತಿಕ ಕಾರಣಗಳಿಂದ ಎಂದು ಬರಿ ಎಂದು ಅವನ ಮೇಲಿನವರು ಎರಡು ಸಲ ಕಾಗದ ತಿರುಗಿಸಿದರಂತೆ. ಮೂರನೆಯ ಸಲವೂ ಅವನು ಅದನ್ನೇ ಬರೆದ. ತೆಗೆದುಕೊಂಡರು.

ಅವನ ತಂದೆ ಪರಸಪ್ಪ ಮಾಸ್ತರ ಗದಗಿನಿಂದ ಬಂದರು. ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೋಣೆಯ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು ಹೇಳಿದರು: "ನಮ್ಮಪ್ಪ ತನ್ನ ಕೈವಾಸನಿ ನನಗ ಹತ್ತಬಾರದು ಅಂತ ಸಾಲಿಗೆ ಹಾಕಿದ. ನೀ ಅದನ್ನ ಹುಡುಕ್ಕೊಂಡು ಹೊಂಟಿ."

ಮಾಸ್ತರರು ಚಹಾ ಕುಡಿಯದೆ ಹೋದರು.

ಉಜ್ವಲಾ ಭೂಗೋಳದಲ್ಲಿ ಎಂ.ಎಸ್ಸಿ. ಮಾಡಿದವಳು. ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮನೆ ಅದರಿಂದ ನಡೆಯಿತು. ಅವಳಿಗೆ ತೊಗಲಿನ ಕೆಲಸ ಬರುತ್ತಿರಲಿಲ್ಲ. ಅವಳು ಮಾಡುತ್ತಿದ್ದದ್ದು ಒಂದೇ, ನಕ್ಷೆ. ಬಂದವರ ಕಾಲನ್ನು ಕಾಗದದ ಮೇಲೆ ಇರಿಸಿ ಸುತ್ತ ಗೆರೆ ಎಳೆಯುವಳು. ಏಳು ಕಡೆ ಟೇಪಿನಿಂದ ಸುತ್ತಳತೆ ತೆಗೆಯುವಳು. ಆಮೇಲೆ ಎತ್ತರ ಇದ್ದಲ್ಲೆಲ್ಲ ಒಂದರೊಳಗೊಂದು ಗೆರೆ ಎಳೆದು, ಗುಡ್ಡದ ನಕ್ಷೆ ಬರೆದಂತೆ ಕಾಲಿನ ನಕ್ಷೆ ಬರೆಯುವಳು. ಅವನು ಅದೇ ಗೆರೆಗಳ ಪ್ರಕಾರ ತೊಗಲಿನ ತುಂಡುಗಳನ್ನು ಕತ್ತರಿಸಿ ನನ್ನ ಮೇಲೆ ಪದರ ಪದರವಾಗಿ ಅಂಟಿಸುವನು. ಹೀಗೆ ನಾನು ಯಾರದೋ ಕಾಲಾಗುತ್ತಿದ್ದೆ. ಬೂಟು ಮುಗಿದ ಮೇಲೆ ಪದರ ಬಿಡಿಸಿದರೆ ಮತ್ತೆ ಬರೀ ಆರನೇ ನಂಬರು.

ಒಂದೂವರೆ ವರ್ಷದಲ್ಲಿ ನನ್ನ ಮೇಲೆ ಒಂಬತ್ತು ಎಡಗಾಲು ಆದವು. ಹತ್ತನೆಯದು ಶಶಿಕಲಾಳದು.

ಶಶಿಕಲಾ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವಳು. ಊರಿಗೆಲ್ಲ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ. ಎರಡನೆಯ ವಯಸ್ಸಿಗೆ ಪೋಲಿಯೊ ಆಗಿ ಎಡಗಾಲು ತೆಳುವಾಗಿ, ಒಂದಿಷ್ಟು ಗಿಡ್ಡವಾಗಿ ಉಳಿದಿತ್ತು. ಅವಳು ಕೇಳಿದ್ದು ಚಂದದ ಬೂಟನ್ನಲ್ಲ. ನಡೆದರೆ ಎರಡೂ ಕಾಲಿನ ಸಪ್ಪಳ ಒಂದೇ ಬರಬೇಕು ಎಂದಳು. ನಲವತ್ತು ವರ್ಷದಿಂದ ಒಂದು ಟಕ್, ಒಂದು ಧಪ್ ಕೇಳಿ ಸಾಕಾಗಿದೆ ಎಂದಳು.

ಬಲಗಾಲಿನ ಬೂಟು ಬೇಗ ಆಯಿತು. ಎಡಗಾಲಿಗೆ ಅರವಿಂದ ನನ್ನ ಮೇಲೆ ಹನ್ನೊಂದು ಪದರ ಕೂರಿಸಿದ. ಅಂಗಾಲಿನ ಒಳತೊಗಲನ್ನು ಮೂರು ಮೊಳೆ ಹೊಡೆದು ನನಗೆ ಜಡಿದ. ಮೇಲಿನ ತೊಗಲನ್ನು ನೆನೆಸಿ, ಇಕ್ಕಳದಿಂದ ಎಳೆದು, ಸುತ್ತ ಅಂಟಿಸಿದ. ಉಳಿದದ್ದು ತಳ. ಕಾಲು ಗಿಡ್ಡ ಇದ್ದದ್ದರಿಂದ ತಳಕ್ಕೆ ಒಂದೂಕಾಲು ಇಂಚಿನ ಕಾರ್ಕು ಬೇಕಿತ್ತು. ತರಲು ಸ್ಕೂಟರ್ ಮೇಲೆ ಹೋದ.

ಬೈಪಾಸ್ ದಾಟುವಾಗ ಲಾರಿ ಬಂತು.

ಮೂರನೆಯ ದಿನ ಪೊಲೀಸ್ ಪೇದೆಯೊಬ್ಬ ಪ್ಲಾಸ್ಟಿಕ್ ಚೀಲವೊಂದನ್ನು ತಂದು ಸಹಿ ಮಾಡಿಸಿಕೊಂಡು ಕೊಟ್ಟು ಹೋದ. ಅದರಲ್ಲಿ ಒಂದು ಚಾವಿ, ಕನ್ನಡಕದ ಪೆಟ್ಟಿಗೆ, ಕಾರ್ಕಿನ ಹಾಳೆ ಇದ್ದವು. ಕಾರ್ಕಿಗೆ ಏನೂ ಆಗಿರಲಿಲ್ಲ.

ಮನೆಯಲ್ಲಿ ಮಂದಿ ತುಂಬಿದರು. ಬಂದವರೆಲ್ಲ ಒಂದೇ ಮಾತು ಹೇಳಿದರು. ನೌಕರಿ ಬಿಡದೇ ಇದ್ದಿದ್ದರೆ ಅನುಕಂಪದ ಆಧಾರದ ಮೇಲೆ ಅವನ ಕೆಲಸ ಇವಳಿಗೆ ಸಿಗುತ್ತಿತ್ತು. ಹನ್ನೊಂದು ದಿನದಲ್ಲಿ ನಾನು ಇದನ್ನು ಹದಿನಾಲ್ಕು ಸಲ ಕೇಳಿದೆ. ಒಬ್ಬರು ಚಹಾದ ಬಸಿ ಕೆಳಗಿಡುತ್ತ ಹೇಳಿದರು: "ಬಿಡೂದ ಬಿಟ್ಟ, ಒಂದೆರಡು ವರ್ಷ ತಡದು ಬಿಡಬಾರದಿತ್ತೇನ?" ಉಜ್ವಲಾ ಬಸಿ ತೆಗೆದುಕೊಂಡು ಹೋಗಿ ತೊಳೆದಿಟ್ಟಳು.

ಹನ್ನೊಂದನೆಯ ದಿನ ಎಡೆ ಇಟ್ಟರು. ತೀರಿದವನ ಫೋಟೋದ ಮುಂದೆ ಅವನಿಗೆ ಸೇರುತ್ತಿದ್ದದ್ದನ್ನೆಲ್ಲ ಇಡುವುದು. ಹೋಳಿಗೆ, ಮಿರ್ಚಿ ಭಜಿ, ಒಂದು ಪೆನ್ನು. ಅರವಿಂದನ ಸೋದರತ್ತೆ ದ್ಯಾಮವ್ವ ಬೀದಿ ಕಡೆಯ ಕೋಣೆಗೆ ಬಂದು ನನ್ನನ್ನು ಬೂಟಿನ ಸಮೇತ ಎತ್ತಿಕೊಂಡು ಹೋಗಿ ಎಲೆಯ ಪಕ್ಕದಲ್ಲಿ ಇಟ್ಟಳು. ತೊಗಲಿಗೆ ಕುಂಕುಮ ಹಚ್ಚಿದಳು. ಮೇಲೆ ಒಂದು ಸೇವಂತಿ ಹೂವು.

ಪರಸಪ್ಪ ಮಾಸ್ತರರು ನೋಡಿದರು. "ಎಡಿ ಮುಂದ ಬೂಟು ಇಡ್ತಾರೇನ ಅಕ್ಕಾ? ತಗಿ ಅದನ್ನ."

"ಆಯುಧಪೂಜಾದಾಗ ನಮ್ಮವ್ವ ಇವನ್ನ ಜಗಲಿ ಮ್ಯಾಲ ಇಡತಿದ್ಳು. ನೀ ಕೈ ಮುಗದು ಕೊಬ್ಬರಿ ತಿಂತಿದ್ದಿ. ಮರ್ತಿ?" ಎಂದಳು ದ್ಯಾಮವ್ವ.

ಮಾಸ್ತರರು ಹೊರಗೆ ಹೋದರು. ನಾನು ಸಂಜೆಯವರೆಗೆ ಅಲ್ಲೇ ಇದ್ದೆ. ಕುಂಕುಮ ತೊಗಲಿಗೆ ಹಿಡಿಯಿತು.

ಹೋಗುವ ಮುನ್ನ ಮಾಸ್ತರರು ಸೊಸೆಗೆ ಹೇಳಿದ್ದು ಇಷ್ಟು. ಗದಗಿನ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಕಾಯಂ ಜಾಗ ಇದೆ. ಆಡಳಿತದವರ ಹತ್ತಿರ ಮಾತಾಡಿದ್ದಾರೆ. ಜೂನ್ ಮೊದಲ ಸೋಮವಾರ ಹನ್ನೊಂದು ಗಂಟೆಗೆ ಹಾಜರಾಗಬೇಕು. ಅಷ್ಟರೊಳಗೆ ಈ ಕೋಣೆ ಖಾಲಿ ಮಾಡಿ, ಯಾರದು ಏನಿದೆಯೋ ತಿರುಗಿ ಕೊಟ್ಟು ಬರಬೇಕು. ಉಜ್ವಲಾ ಹೂಂ ಎಂದಳು.

ಹೀಗೆ ಹನ್ನೆರಡನೆಯ ದಿನ, ನೀರು ತುಂಬಿದ ಮೇಲೆ, ಅವಳು ನನ್ನನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಯಮನೂರಪ್ಪನ ಅಂಗಡಿಗೆ ಹೋದಳು. ಆ ಮನೆಯಲ್ಲಿ ಎರವಲು ತಂದದ್ದು ನಾನೊಬ್ಬನೇ.

"ಫರ್ಮಾ ತಂದೀನ್ರಿ ಕಾಕಾ."

ಯಮನೂರಪ್ಪ ನನ್ನನ್ನು ಕೈಯಲ್ಲಿ ಹಿಡಿದು ಸವರಿದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಈಗ ಚಪ್ಪಲಿಯ ಬಾರು ಹೊಲಿಯುವುದಷ್ಟೇ. "ಇದು ಫರ್ಮಾ ಅಲ್ಲವ್ವಾ, ಬೂಟು. ನಾ ಕೊಟ್ಟಿದ್ದು ಕಟಗಿ."

"ನೀವ ತಗದು ಇಟ್ಟುಕೊಳ್ರಿ."

"ಈಗ ತಗದರ ಇದು ಅತ್ತ ಬೂಟೂ ಅಲ್ಲ, ಇತ್ತ ಕಾಲೂ ಅಲ್ಲ. ಚರ್ಮ ಕುಸದು ಬೀಳತೈತಿ. ಮುಗಸಿ ತಾ."

"ನನಗ ಬರೂದಿಲ್ರಿ. ನೀವ ಮುಗಸಿ ಕೊಡ್ರಿ."

ಅವನು ಕಣ್ಣಿನ ನೆವ ಹೇಳಲಿಲ್ಲ. ಹೇಳಿದ್ದು ಇಷ್ಟೇ: ಒಂದು ತಳ ಉಳಿದಿದೆ, ಬಾಯಿಲೆ ಹೇಳುತ್ತೇನೆ, ಕೈ ನಿನ್ನದು. ಕಾರ್ಕನ್ನು ಹೇಗೆ ಕೊಯ್ಯಬೇಕು, ಅಂಟು ಎಷ್ಟು ಆರಬೇಕು, ಸುತ್ತಿಗೆ ಎಲ್ಲಿಂದ ಹೊಡೆಯುತ್ತ ಬರಬೇಕು ಎಂದು ಒಂದು ತಾಸು ಹೇಳಿದ. ಅವಳು ಬರೆದುಕೊಂಡಳು. ಚೀಲದಲ್ಲಿ ನಾನು ಮನೆಗೆ ಬಂದೆ.

ಬಂದ ಮೇಲೂ ಅವಳು ನನ್ನನ್ನು ಮುಟ್ಟಲಿಲ್ಲ. ನಾಲ್ಕು ದಿನ ಹಾಗೇ ಇದ್ದೆ. ಒಮ್ಮೆ ಇಕ್ಕಳ ಹಿಡಿದು ತೊಗಲನ್ನು ಕಿತ್ತು ಹಾಕಲು ಬಂದಳು. ಇಕ್ಕಳ ಕೆಳಗಿಟ್ಟಳು. ಯಾಕೆಂದು ನನಗೆ ಗೊತ್ತಿಲ್ಲ.

ಐದನೆಯ ದಿನ ಶಶಿಕಲಾ ಬಂದಳು. ಮಾತಾಡಿಸಿ ಹೋಗಲು ಬಂದವಳು. ಹಲಗೆಯ ಮೇಲಿದ್ದ ಬಲಗಾಲಿನ ಬೂಟು ತೆಗೆದು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು. ಟಕ್. ಧಪ್. ಟಕ್. ಧಪ್. ಕಳಚಿ ಅಲ್ಲೇ ಇಟ್ಟಳು.

"ಮೇಡಂ, ಬಸ್ ಬರೂದಿಲ್ಲ ಅಂತ ದಿನಾ ನಾನ ಮಂದಿಗೆ ಹೇಳ್ತೀನ್ರಿ. ಬೈತಾರ, ಆಮ್ಯಾಲೆ ಮನಿಗೆ ಹೋಗ್ತಾರ. ಸುಮ್ನ ಕುಂದರಸೂದ ಪಾಪ. ಬರೂದಿಲ್ಲ ಅಂದ್ರ ಬರೂದಿಲ್ಲ ಅಂದುಬಿಡ್ರಿ. ನಾ ಬ್ಯಾಸರಾ ಮಾಡ್ಕೊಳ್ಳೂದಿಲ್ಲ."

ಉಜ್ವಲಾ ನನ್ನ ಕಡೆ ನೋಡಿದಳು.

"ತಡಾ ಐತ್ರಿ," ಎಂದಳು. "ಬರತೈತಿ."

ಮರುದಿನ ಬೆಳಿಗ್ಗೆ ಅವಳು ಕಾರ್ಕು ಕೈಗೆತ್ತಿಕೊಂಡಳು. ಪ್ಲಾಸ್ಟಿಕ್ ಚೀಲದಿಂದ ಬಂದ ಅದೇ ಕಾರ್ಕು. ಅರವಿಂದನ ಪುಸ್ತಕದಲ್ಲಿ ತಾನೇ ಬರೆದ ನಕ್ಷೆ ತೆಗೆದು, ಹಿಮ್ಮಡಿಗೆ ಒಂದೂಕಾಲು ಇಂಚು, ಬೆರಳಿನ ಕಡೆ ಅರ್ಧ ಎಂದು ಗೆರೆ ಹಾಕಿದಳು. ತೊಗಲು ಕೊಯ್ಯುವ ರಂಪಿಗೆಯಿಂದ ಕಾರ್ಕು ಕೊಯ್ದಳು, ಅರದಿಂದ ತಿಕ್ಕಿದಳು. ಎರಡು ದಿನ ಹಿಡಿಯಿತು. ಅಂಟು ಹಚ್ಚಿ ನನ್ನ ಅಂಗಾಲಿಗೆ ಕೂರಿಸಿದಳು. ಅದರ ಕೆಳಗೆ ತೊಗಲಿನ ತಳ. ಸುತ್ತ ಹೊಲಿದಳು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಳು. ಹೊಲಿಗೆ ಒಂದು ಕಡೆ ಹತ್ತಿರ, ಒಂದು ಕಡೆ ದೂರ. ಆದರೆ ಬೂಟು ಬೂಟಿನ ಹಾಗೆ ಇತ್ತು.

ಈಗ ನನ್ನನ್ನು ಹೊರಗೆ ತೆಗೆಯಬೇಕು. ಮೇಲಿನ ತೂತಿಗೆ ಕೊಕ್ಕೆ ಹಾಕಿ ಎಳೆದಳು. ನಾನು ಬರಲಿಲ್ಲ. ಕಾಲಿಂದ ಒತ್ತಿ ಹಿಡಿದು ಎಳೆದಳು. ಬರಲಿಲ್ಲ.

ನನಗೆ ಕಾರಣ ಗೊತ್ತಿತ್ತು. ಹೇಳಲು ಬಾಯಿಲ್ಲ.

ಅವಳು ನನ್ನನ್ನು ಮತ್ತೆ ಅಂಗಡಿಗೆ ಒಯ್ದಳು. ಯಮನೂರಪ್ಪ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಸಲ ಅಲುಗಿಸಿದ. "ಒಳತೊಗಲಿಗೆ ಅವಾ ಹೊಡದಿದ್ದ ಮೂರು ಮೊಳಿ. ತಳಾ ಹಚ್ಚೂಕಿಂತ ಮೊದಲ ಕಿತ್ತಿಯೇನು?"

ಉಜ್ವಲಾ ತಾನು ಬರೆದುಕೊಂಡ ಹಾಳೆ ತಿರುಗಿಸಿ ನೋಡಿದಳು. ಅದರಲ್ಲಿ ಮೊಳೆಯ ಮಾತಿರಲಿಲ್ಲ.

"ಕಿತ್ತಿಲ್ರಿ."

ಯಮನೂರಪ್ಪ ನಕ್ಕ. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ. "ನಾ ಹೇಳೂದ ಮರ್ತೆ ನೋಡು. ನಿನ್ನ ಗಂಡನೂ ಮೊದಲ ಬೂಟಿಗೆ ಹಿಂಗ ಮಾಡಿ, ಕಾಲು ಒಳಗ ಸಿಕ್ಕೊಂಡೈತಿ ಕಾಕಾ ಅಂತ ಬಂದು ನಿಂತಿದ್ದ. ನಾನೂ ಮಾಡೀನಿ. ನಮ್ಮಪ್ಪ ಫರ್ಮಾ ತಗೊಂಡು ಬೆನ್ನಿಗೆ ಎರಡು ಕೊಟ್ಟಿದ್ದ." ನಗು ನಿಂತ ಮೇಲೆ ಹೇಳಿದ: "ಕೀಳು. ತಳಾ ಕಿತ್ತು ಮತ್ತ ಮಾಡು."

ಮನೆಗೆ ಬಂದು ಅವಳು ತಳ ಕಿತ್ತಳು. ತೊಗಲು ಉಳಿಯಿತು. ಕಾರ್ಕು ನಡುವೆ ಮುರಿದು ಎರಡಾಯಿತು. ಮೂರು ಮೊಳೆಗಳನ್ನು ಇಕ್ಕಳದಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಆಮೇಲೆ ಅವನ್ನು ಕನ್ನಡಕದ ಪೆಟ್ಟಿಗೆಯಲ್ಲಿ ಹಾಕಿದಳು. ತೊಗಲು ಸರಿಯದಂತೆ ಬೇರೆ ಮೂರು ಮೊಳೆ ತಾನೇ ಹೊಡೆದಳು. ಅವು ಹಳೆಯ ತೂತಿಗೆ ಬೀಳಲಿಲ್ಲ.

ಹೊಸ ಕಾರ್ಕು ಬೈಪಾಸಿನ ಆಚೆ, ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮಾತ್ರ ಸಿಗುತ್ತದೆ.

ಅದು ಜೂನ್ ಮೊದಲ ಸೋಮವಾರ. ಬೆಳಿಗ್ಗೆ ಎಂಟಕ್ಕೆ ಅವಳು ಬಸ್ ನಿಲ್ದಾಣದಲ್ಲಿ ಕೂತಿದ್ದಳು. ಒಂದು ಚೀಲದಲ್ಲಿ ಅವಳ ಸರ್ಟಿಫಿಕೇಟುಗಳು ಇದ್ದವು. ಇನ್ನೊಂದರಲ್ಲಿ ನಾನಿದ್ದೆ. ಎರಡನ್ನೂ ಯಾಕೆ ತಂದಿದ್ದಳೋ. ಮೇಲಿನ ಸ್ಪೀಕರಿನಿಂದ ಶಶಿಕಲಾಳ ದನಿ ಕೇಳಿಸಿತು. ಗದಗ, ಕೊಪ್ಪಳ ಕಡೆ ಹೋಗುವ ಬಸ್ಸು ನಾಲ್ಕನೇ ಅಂಕಣದಲ್ಲಿ ನಿಂತಿದೆ. ಎರಡು ಸಲ ಹೇಳಿದಳು. ಕೆಳಗೆ ಯಾರು ಕೂತಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

ಬಸ್ಸು ಹೊರಟ ಸಪ್ಪಳ ಕೇಳಿದೆ. ನನ್ನ ಚೀಲ ಬೆಂಚಿನ ಮೇಲೆಯೇ ಇತ್ತು.

ಆಮೇಲೆ ಅವಳು ಫೋನ್ ಮಾಡಿದಳು. "ಮಾವಾರ, ನಾ ಬರೂದಿಲ್ರಿ. ಒಂದು ಕಾಲು ಅರ್ಧಾ ಉಳದೈತ್ರಿ."

ಅವಳ ಫೋನಿನ ದನಿ ದೊಡ್ಡದು.

"ಯಾರದು?" ಎಂದರು ಮಾಸ್ತರರು.

"ಶಶಿಕಲಾ ಅಂತ್ರಿ. ಬಸ್‌ಸ್ಟ್ಯಾಂಡಿನಾಗ ಅದಾರ."

ಆ ಕಡೆ ಕುರ್ಚಿ ಸರಿದ ಸಪ್ಪಳ.

"ರಂಪಿಗಿ ಮೊಂಡ ಆಗಿದ್ದೀತು. ಮಸದು ಹಿಡಿ. ಮೊಂಡ ರಂಪಿಗಿನ ಕೈ ಕೊಯ್ಯೂದು," ಎಂದರು. ಇಟ್ಟರು.

ಅವಳು ಇಂಡಸ್ಟ್ರಿಯಲ್ ಎಸ್ಟೇಟಿನ ಬಸ್ಸು ಹತ್ತಿದಳು. ಬೈಪಾಸ್ ಬಂದಾಗ ಬಸ್ಸು ನಿಧಾನವಾಯಿತು. ಅವಳು ಚೀಲದ ಮೇಲಿಂದ ನನ್ನ ಹಿಮ್ಮಡಿ ಹಿಡಿದುಕೊಂಡಳು. ದಾಟಿದ ಮೇಲೆ ಬಿಟ್ಟಳು.

ಎರಡನೆಯ ತಳಕ್ಕೆ ಒಂದು ವಾರ ಹಿಡಿಯಿತು. ಈ ಸಲ ಕಾರ್ಕು ಕೂರಿಸುವ ಮೊದಲು ಮೂರೂ ಮೊಳೆ ಕಿತ್ತಳು, ಕಿತ್ತ ಮೇಲೆ ಎಣಿಸಿದಳು. ಹೊಲಿಗೆ ಮೊದಲಿಗಿಂತ ನೇರ ಬಂತು. ಕೊಕ್ಕೆ ಹಾಕಿ ಎಳೆದಾಗ ನಾನು ಒಂದೇ ಸಲಕ್ಕೆ ಹೊರಗೆ ಬಂದೆ. ತಿಂಗಳಿಗೂ ಮೇಲೆ ಒಳಗಿದ್ದವನಿಗೆ ಬೆಳಕು ಒಂದಿಷ್ಟು ಹೆಚ್ಚೆನಿಸಿತು.

ಶಶಿಕಲಾ ಬಂದು ಎರಡೂ ಬೂಟು ಹಾಕಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಹೊರಗೆ ಹೋಗಿ ಓಣಿಯ ಕಲ್ಲುಹಾಸಿನ ಮೇಲೆ ನಡೆದಳು. ತಿರುಗಿ ಬಂದಳು. ಟಕ್. ಟಕ್. ಟಕ್. ನಾನು ಹಲಗೆಯ ಮೇಲಿಂದ ಕೇಳಿದೆ. ಯಾವುದು ಎಡ, ಯಾವುದು ಬಲ ತಿಳಿಯಲಿಲ್ಲ.

"ಎಡಗಾಲಿಂದು ಸ್ವಲ್ಪ ಕಿರ್ ಅಂತೈತ್ರಿ," ಎಂದಳು.

"ಹೊಸಾದು. ಹೋಗತೈತಿ."

"ಹೋಗದಿದ್ರೂ ನಡೀತೈತಿ ಬಿಡ್ರಿ." ಹಳೆಯ ಚಪ್ಪಲಿಗಳನ್ನು ಅಲ್ಲೇ ಬಿಟ್ಟು ಹೋದಳು. ಕುಂಕುಮದ ಕಲೆ ಎಡ ಬೂಟಿನ ಅಂಚಿನಲ್ಲಿ ಉಳಿದಿತ್ತು. ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ.

ಆ ವಾರ ಕಾಲೇಜಿನವರು ಹೊಸ ವರ್ಷದ ಪಾಠಕ್ಕೆ ಕರೆದರು. ಈ ಸಲ ಬರುವುದಿಲ್ಲ ಎಂದು ಉಜ್ವಲಾ ಕಾಗದ ಬರೆದಳು. ಬರೆದದ್ದನ್ನು ಯಾರಿಗೂ ಓದಿ ಹೇಳಲಿಲ್ಲ. ಕೇಳಲು ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಕಾರಣ ಎಂಬಲ್ಲಿ ಅವಳೂ ಬೂಟು ಮಾಡುವುದಕ್ಕಾಗಿ ಎಂದೇ ಬರೆದಿದ್ದಾಳೋ, ವೈಯಕ್ತಿಕ ಎಂದಿದ್ದಾಳೋ ಗೊತ್ತಿಲ್ಲ. ನಾನು ಕಾಗದದ ಮೇಲೆ ಒತ್ತಾಗಿ ಕೂತಿದ್ದೆ, ಅಕ್ಷರ ನನ್ನ ಕೆಳಗಿತ್ತು.

ಮರುದಿನ ನನ್ನನ್ನು ಬೋಗುಣಿಯ ನೀರಿನಿಂದ ಒರೆಸಿ ಹನ್ನೊಂದು ಪದರಗಳನ್ನು ಒಂದೊಂದಾಗಿ ಬಿಡಿಸಿದಳು. ಗೆರೆ ಎಳೆದವಳು ಅವಳು, ಅಂಟಿಸಿದವನು ಅವನು. ಅವಸರ ಮಾಡಲಿಲ್ಲ. ಬಿಡಿಸಿದ್ದನ್ನು ನಕ್ಷೆಯ ಜೊತೆ ಲಕೋಟೆಗೆ ಹಾಕಿ ಮೇಲೆ ಶಶಿಕಲಾಳ ಹೆಸರು ಬರೆದಳು. ನಾನು ಮತ್ತೆ ಆರನೇ ನಂಬರಾದೆ. ಚೀಲದಲ್ಲಿ ಹಾಕಿಕೊಂಡು ಹೊರಟಳು.

ಯಮನೂರಪ್ಪ ನನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕಾಲ್ಬೆರಳ ತುದಿಯಿಂದ ಹಿಮ್ಮಡಿಯವರೆಗೆ ಹೆಬ್ಬೆರಳಿನಲ್ಲಿ ಸವರಿದ. ಅಂಗಾಲಿನಲ್ಲಿ ಬೆರಳು ನಿಂತಿತು.

"ಕಟಗಿ ಬಂತು," ಎಂದ.

ಉಜ್ವಲಾ ಹೋಗಲಿಲ್ಲ. ನಿಂತೇ ಕೇಳಿದಳು: "ಬಲಗಾಲಿಂದು ಎಂಟನೇ ನಂಬರು ಒಂಟಿ ಐತೇನ್ರಿ ಕಾಕಾ? ಗಾರೆ ಕೆಲಸದವರು ಒಬ್ಬರು ಬಂದಿದ್ರು. ಎರಡು ಬೆರಳಿಲ್ಲ."

ಯಮನೂರಪ್ಪ ಗೋಣಿಚೀಲದಲ್ಲಿ ಕೈಹಾಕಿ ಕಣ್ಣಿಲ್ಲದೆ ಹುಡುಕಿದ. ಒಂದನ್ನು ತೆಗೆದು ಕೊಟ್ಟ. ಅದರ ಜಾಗದಲ್ಲಿ ನನ್ನನ್ನು ಇಟ್ಟ.

"ಯಾವಾಗ ತಿರುಗಿ ತರ್ತಿ?"

"ಕಾಲು ಮುಗದ ಮ್ಯಾಲೆ," ಎಂದಳು.

ಈಗ ನಾನು ಚೀಲದಲ್ಲಿದ್ದೇನೆ. ವಯಸ್ಸಾಗಿದೆ. ಇನ್ನೊಂದು ಬೇಸಿಗೆಗೆ ನಾನೂ ಸೀಳಬಹುದು. ಇಪ್ಪತ್ತು ವರ್ಷದ ಹಳೆಯ ತೂತುಗಳು ಮೇಣದಿಂದ ಮುಚ್ಚಿಹೋಗಿವೆ, ಅರವಿಂದ ತಾನು ಮಾಡಿದ ಒಂಬತ್ತು ಕಾಲಿನ ತೂತುಗಳನ್ನೂ ಹಾಗೇ ಮುಚ್ಚಿದ್ದ. ಹತ್ತನೆಯ ಕಾಲಿನವನ್ನು ಮಾತ್ರ ಯಾರೂ ಮುಚ್ಚಿಲ್ಲ. ನನ್ನ ಅಂಗಾಲಿನಲ್ಲಿ ಈಗ ಆರು ತೂತುಗಳಿವೆ. ಮೂರು ನೇರವಾಗಿವೆ. ಅವುಗಳ ಪಕ್ಕದಲ್ಲೇ ಇನ್ನು ಮೂರು, ಒಂದಿಷ್ಟು ಓರೆ.